ಸೇಲ್‌ನ ಪೆಟ್ಟಿಗೆಯೂ ತೋಟದ ಸಲಕರಣೆಯೂ: ಕೊಡಗಿನ ಒಂದು ಖರೀದಿಯ ವಿಮರ್ಶೆ

ರೊಬಸ್ಟಾ ಕಾಫಿಯ ಕುಯ್ಲು ಮುಗಿದು ಸ್ಪ್ರಿಂಕ್ಲರ್ ಪೈಪುಗಳು ತೋಟಕ್ಕಿಳಿಯುವ ಫೆಬ್ರವರಿ–ಮಾರ್ಚ್‌ನಲ್ಲಿ ಒಮ್ಮೆ, ಸೆಪ್ಟೆಂಬರ್ ಮೊದಲ ವಾರದ, ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬವಾದ ಕೈಲ್ ಪೊಳ್ದ್‌ನಿಂದ ಆಯುಧಪೂಜೆಯವರೆಗೆ ಇನ್ನೊಮ್ಮೆ, ಕೊಡಗಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೈಸಲಕರಣೆಗಳ ವ್ಯಾಪಾರ ಬಿರುಸಾಗುತ್ತದೆ. ಮೊದಲ ಸಲ ಜನರು ಬರುವುದು ಅಗತ್ಯ ಬಿದ್ದು. ಕಪಾತಿಗೆ (ಗಿಡದ ರೆಂಬೆ ಸವರುವ ಕೆಲಸಕ್ಕೆ) ಕತ್ತರಿ ಬೇಕು, ಪಂಪ್‌ಸೆಟ್ ಬಿಚ್ಚಲು ಸ್ಪ್ಯಾನರ್ ಬೇಕು, ಚೌಕಾಸಿ ಮಾಡುವ ವ್ಯವಧಾನ ಆಗ ಯಾರಿಗೂ ಇರುವುದಿಲ್ಲ. ಎರಡನೆಯ ಸಲ ಬರುವುದು ಬೆಲೆ ಇಳಿದಿದೆ ಎಂಬ ಸುದ್ದಿ ಕೇಳಿ. ಪೇಟೆಯ ಅಂಗಡಿಗಳ ಹಬ್ಬದ ಕಡಿತವೂ ಆನ್‌ಲೈನ್ ಮಾರಾಟಗಾರರ ದೊಡ್ಡ ಸೇಲ್‌ಗಳೂ ಅದೇ ಹೊತ್ತಿಗೆ ಬರುತ್ತವೆ. ದಕ್ಷಿಣ ಕೊಡಗಿನ ಮಧ್ಯಮ ಗಾತ್ರದ ಒಂದು ಕಾಫಿ–ಕಾಳುಮೆಣಸಿನ ತೋಟಕ್ಕಾಗಿ ಈ ಎರಡೂ ಹಂಗಾಮುಗಳಲ್ಲಿ ಕೊಂಡ ಸಲಕರಣೆಗಳ ವಿಮರ್ಶೆ ಇದು. ಕೆಲವನ್ನು ಗೋಣಿಕೊಪ್ಪದ ಅಂಗಡಿಯಲ್ಲಿ, ಕೆಲವನ್ನು ಆನ್‌ಲೈನ್ ಸೇಲ್‌ನಲ್ಲಿ, ಕತ್ತಿಗಳನ್ನು ಕುಲುಮೆಯಲ್ಲಿ ಕೊಳ್ಳಲಾಗಿದೆ. ಎಲ್ಲವೂ ಒಂದು ಪೂರ್ಣ ಮಳೆಗಾಲವನ್ನೂ ಒಂದು ಕಪಾತನ್ನೂ ಕಂಡಿರುವುದರಿಂದ, ಡಬ್ಬಿ ತೆರೆದ ದಿನದ ಹೊಳಪನ್ನು ನೋಡಿ ಬರೆದ ಮಾತು ಇದಲ್ಲ.

ಮೊದಲು ಬೆಲೆಯ ವಿಷಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಕೈಸಲಕರಣೆಗಳ ಪೊಟ್ಟಣದ ಮೇಲೆ ಅಚ್ಚಾಗುವ ಗರಿಷ್ಠ ಮಾರಾಟ ಬೆಲೆ ಎಂಬುದು ಈ ವ್ಯಾಪಾರದಲ್ಲಿ ಯಾರೂ ಕೊಡದ, ಯಾರೂ ಕೇಳದ ಬೆಲೆ. ಹೆಸರಾಂತ ದೇಶೀ ಕಂಪನಿಯ ಕಟಿಂಗ್ ಪ್ಲೇಯರ್ ಒಂದನ್ನು ವರ್ಷದ ಯಾವ ದಿನ ಕೇಳಿದರೂ ಪರಿಚಯದ ಅಂಗಡಿಯವರು ಅಚ್ಚಾದ ಬೆಲೆಯಿಂದ ಕಾಲು ಭಾಗವನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಬಿಟ್ಟುಕೊಡುತ್ತಾರೆ. "ಸಾರ್, ಅದರ ಮೇಲಿನ ರೇಟು ನೋಡ್ಬೇಡಿ, ನಾನು ಹೇಳೋದನ್ನ ಕೇಳಿ" ಎನ್ನುವುದು ಗೋಣಿಕೊಪ್ಪದ ನಮ್ಮ ಅಂಗಡಿಯವರ ವಾಡಿಕೆಯ ಮಾತು. ಹೀಗಿರುವಾಗ "ಶೇಕಡಾ 40 ಕಡಿತ" ಎಂಬ ಕೆಂಪು ಪಟ್ಟಿಯ ನಿಜವಾದ ಅರ್ಥ, ಅಂಗಡಿಯ ನಿತ್ಯದ ಬೆಲೆಗಿಂತ ಸ್ವಲ್ಪ ಕಡಿಮೆ ಎಂದಷ್ಟೇ. ಕೆಲವು ಸಲ ಅದೂ ಅಲ್ಲ. ಆದ್ದರಿಂದ ಸೇಲ್ ಬರುವ ಮೊದಲೇ ಬೇಕಾದ ವಸ್ತುವಿನ ಅಂಗಡಿ ಬೆಲೆಯನ್ನು ಕೇಳಿ ಬರೆದಿಟ್ಟುಕೊಂಡವರಿಗೆ ಮಾತ್ರ ಸೇಲ್‌ನಲ್ಲಿ ಲಾಭವಾಯಿತೋ ಇಲ್ಲವೋ ತಿಳಿಯುತ್ತದೆ. ನಾವು ಹಾಗೆ ಬರೆದಿಟ್ಟುಕೊಂಡು ಹೋಲಿಸಿದಾಗ ಪ್ಲೇಯರ್, ಸ್ಪ್ಯಾನರ್, ಅರಗಳಲ್ಲಿ ವ್ಯತ್ಯಾಸ ಒಂದು ಕಾಫಿ–ತಿಂಡಿಯ ಖರ್ಚನ್ನೂ ದಾಟಲಿಲ್ಲ. ಆಮದಾದ ಸಿಕೇಟರ್ (ರೆಂಬೆ ಕತ್ತರಿಸುವ ಕೈಕತ್ತರಿ) ಮತ್ತು ಮಡಚುವ ಗರಗಸದಲ್ಲಿ ಮಾತ್ರ ಉಳಿತಾಯ ಗಣನೀಯವಾಗಿತ್ತು. ಅವು ನಮ್ಮ ಪೇಟೆಗಳಲ್ಲಿ ಸಿಗುವುದೇ ಅಪರೂಪವಾದ್ದರಿಂದ ಹೋಲಿಸಲು ಅಂಗಡಿ ಬೆಲೆಯೂ ಸರಿಯಾಗಿ ಇರಲಿಲ್ಲ ಎನ್ನಬೇಕು.

ಸೇಲ್‌ನಲ್ಲಿ ಅತಿ ಹೆಚ್ಚು ಬಿಕರಿಯಾಗುವುದು ಪೆಟ್ಟಿಗೆಗಳು. ಹಸಿರು ಅಥವಾ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸಾಲಾಗಿ ಕೂರಿಸಿದ 46 ತುಂಡುಗಳ ಸಾಕೆಟ್ (ನಟ್ಟಿನ ತಲೆಗೆ ಟೊಪ್ಪಿಯಂತೆ ಕೂರುವ ಸ್ಪ್ಯಾನರ್) ಸೆಟ್ಟನ್ನು ಈಚಿನ ವರ್ಷಗಳಲ್ಲಿ ನೋಡದವರಿಲ್ಲ. ನೆರೆಯ ತೋಟದವರು ಒಂದನ್ನು ತರಿಸಿದ್ದರು. ಪಂಪ್ ಮನೆಯಲ್ಲಿ ಅದನ್ನು ಬಿಚ್ಚಿ ನೋಡುವ ಅವಕಾಶ ನಮಗೂ ಸಿಕ್ಕಿತು. ಈ ಬಗೆಯ ಸೆಟ್ಟುಗಳಲ್ಲಿ ಸಾಕೆಟ್ ಕೂರುವ ಚೌಕ ಕಾಲಿಂಚಿನದು, ಸಾಕೆಟ್ಟುಗಳ ಅಳತೆ ಸಾಮಾನ್ಯವಾಗಿ 4 ಮಿ.ಮೀ.ನಿಂದ 14 ಮಿ.ಮೀ.ವರೆಗಿನದು. ತೋಟದ ಪಂಪ್‌ಸೆಟ್ಟಿನಲ್ಲಿ ಪದೇ ಪದೇ ಬಿಚ್ಚಬೇಕಾದ 10 ಮಿ.ಮೀ. ಬೋಲ್ಟಿನ ತಲೆಗೆ 17ರ ಸ್ಪ್ಯಾನರ್ ಬೇಕು, 12 ಮಿ.ಮೀ. ಬೋಲ್ಟಿಗೆ 19ರದ್ದು ಬೇಕು. ಎಂದರೆ 46 ತುಂಡುಗಳಲ್ಲಿ ನಮಗೆ ಬೇಕಾದ ಎರಡೇ ಇಲ್ಲ. ಚಿಕ್ಕ ಬಿಟ್‌ಗಳು ಸ್ವಿಚ್‌ಬೋರ್ಡಿಗೂ ಸ್ಕೂಟರಿನ ಪಕ್ಕದ ಹಾಳೆಗಳಿಗೂ ಆದೀತು. ಬೆಲೆ ನೋಡಿದರೆ ತುಂಡಿಗೆ ಹತ್ತಿಪ್ಪತ್ತು ರೂಪಾಯಿಯೂ ಬೀಳುವುದಿಲ್ಲ, ಅದೇ ಅದರ ಆಕರ್ಷಣೆ. ತುಕ್ಕು ಹಿಡಿದ ನಟ್ಟಿಗೆ ಹಾಕಿ ಮೈಭಾರ ಬಿಟ್ಟಾಗ, ಒಂದೇ ಕಡೆಗೆ ತಿರುಗಿಸುವ ಅದರ ಹಿಡಿಯಾದ ರ‍್ಯಾಚೆಟ್ ಒಳಗಿನ ಹಲ್ಲು ಜಾರಿದ್ದು ಅದರ ಗುಣಮಟ್ಟ. ಪೆಟ್ಟಿಗೆಯ ಮೇಲೆ ತಯಾರಕರ ವಿಳಾಸ ಇರಲಿಲ್ಲ. ಆಮದುದಾರರ ಹೆಸರು, ಮೂಲ ದೇಶ ಚೀನಾ ಎಂಬ ಸಾಲು, ಎರಡೂ ಅತಿ ಸಣ್ಣ ಅಕ್ಷರದಲ್ಲಿದ್ದವು.

ಇದಕ್ಕೆ ಎದುರಾಗಿ ಅಂಗಡಿಯಲ್ಲಿ ಕೊಂಡದ್ದು ದೇಶೀ ತಯಾರಿಕೆಯ ಎರಡು ಬಾಯಿಯ ಸ್ಪ್ಯಾನರ್ ಸೆಟ್: 6–7ರಿಂದ ಆರಂಭವಾಗಿ 20–22ರವರೆಗೆ 8 ಸ್ಪ್ಯಾನರುಗಳು. ನೋಡಲು ಏನೂ ವಿಶೇಷವಿಲ್ಲ, ಪೆಟ್ಟಿಗೆಯೂ ಇಲ್ಲ, ಒಂದು ರಟ್ಟಿನ ಡಬ್ಬಿ. ಆದರೆ 16–17 ಮತ್ತು 18–19 ಎರಡೂ ಇವೆ, ಬಾಯಿ ನಟ್ಟಿನ ಮೈಗೆ ಸಡಿಲವಿಲ್ಲದೆ ಕೂರುತ್ತದೆ, ಇಡೀ ಮಳೆಗಾಲ ಪಂಪ್ ಮನೆಯ ಗೂಡಿನಲ್ಲಿದ್ದರೂ ಲೇಪ ಏಳಲಿಲ್ಲ. ಸ್ಪ್ಯಾನರಿನ ಮೇಲೆ ಕ್ರೋಮ್ ವೆನೇಡಿಯಂ ಎಂದು ಅಚ್ಚಾಗಿರುವುದನ್ನೇ ಗುಣಮಟ್ಟದ ಸಾಕ್ಷಿ ಎಂದು ಅನೇಕರು ಭಾವಿಸುತ್ತಾರೆ. ಅದು ಉಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ. ಅಚ್ಚಿನಲ್ಲಿ ಬಡಿದು ರೂಪ ಕೊಟ್ಟ ಮೇಲೆ ಅದಕ್ಕೆ ಹದ (ಕಾಯಿಸಿ ತಣಿಸಿ ತರುವ ಗಡಸುತನ) ಸರಿಯಾಗಿ ಹಿಡಿಸಿದ್ದಾರೆಯೇ ಎಂಬುದನ್ನು ಹೇಳುವುದಿಲ್ಲ. ಹದ ಹೆಚ್ಚಾದರೆ ಸ್ಪ್ಯಾನರಿನ ಬಾಯಿ ಸಿಡಿಯುತ್ತದೆ, ಕಡಿಮೆಯಾದರೆ ಅಗಲವಾಗುತ್ತದೆ. ಅಗಲವಾದ ಬಾಯಿ ನಟ್ಟಿನ ಮೂಲೆಗಳನ್ನು ಸವೆಸಿದರೆ ಮುಂದೆ ಆ ನಟ್ಟನ್ನು ಉಳಿ–ಸುತ್ತಿಗೆಯಿಂದಲೇ ಬಿಚ್ಚಬೇಕು. ಹಾಳಾಗುವುದು ಸ್ಪ್ಯಾನರ್ ಅಲ್ಲ, ಪಂಪು.

ದೇಶೀ ಕೈಸಲಕರಣೆ ಎಂದರೆ ಅಗ್ಗದ ಎರಡನೇ ದರ್ಜೆಯ ಮಾಲು ಎಂಬ ಭಾವನೆ ಇನ್ನೂ ಕೆಲವರಲ್ಲಿದೆ. ಬಡಿದು ಮಾಡುವ ಸಲಕರಣೆಗಳ ಮಟ್ಟಿಗಾದರೂ ಇದು ಸತ್ಯಕ್ಕೆ ದೂರ. ತಪಾರಿಯಾ ಕಂಪನಿ 1969ರಲ್ಲಿ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ಸಹಯೋಗದಲ್ಲಿ ತಯಾರಿಕೆ ಆರಂಭಿಸಿತು. ನಾಸಿಕದಲ್ಲಿ ಅದರ ಕಾರ್ಖಾನೆಯಿದೆ. ಪಂಜಾಬಿನ ಜಲಂಧರ್ ಮತ್ತು ಲುಧಿಯಾನ ನಗರಗಳು ದಶಕಗಳಿಂದ ಹೊರದೇಶಗಳಿಗೆ ಸ್ಪ್ಯಾನರ್, ಪ್ಲೇಯರ್, ವೈಸ್‌ಗಳನ್ನು ಕಳಿಸುತ್ತಿವೆ. ಜಲಂಧರ್‌ನಲ್ಲಿ ಕೇಂದ್ರೀಯ ಕೈಸಲಕರಣೆಗಳ ಸಂಸ್ಥೆಯನ್ನು 1983ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಸ್ಥಾಪಿಸಲಾಯಿತು. ಉಕ್ಕಿನ ಪರೀಕ್ಷೆ, ಹದ ಹಿಡಿಸುವಿಕೆ, ಅಚ್ಚು ತಯಾರಿಕೆಯಲ್ಲಿ ಸಣ್ಣ ಕಾರ್ಖಾನೆಗಳಿಗೆ ಬೇಕಾದ ಸೌಲಭ್ಯ ಒದಗಿಸುವುದು ಅದರ ಕೆಲಸ. ಅರಗಳ ವಿಷಯದಲ್ಲಂತೂ ಜೆಕೆ ಹೆಸರಿನ ಕಂಪನಿ ಜಗತ್ತಿನ ದೊಡ್ಡ ತಯಾರಕರ ಸಾಲಿನಲ್ಲಿದೆ, ಮಹಾರಾಷ್ಟ್ರದ ಕೊಂಕಣದಲ್ಲಿ ಅದರ ಕಾರ್ಖಾನೆಗಳಿವೆ. ನಮ್ಮ ಕಾರ್ಮಿಕರ ಲೈನ್ ಮನೆಗಳಲ್ಲಿ ಕತ್ತಿ ಮಸೆಯಲು ಬಳಸುವ ಚಪ್ಪಟೆ ಅರವೂ ಮರ ಕೊಯ್ಯುವ ಯಂತ್ರದ ಸರಪಳಿ ಉಜ್ಜುವ ದುಂಡು ಅರವೂ ಬಹುಪಾಲು ಅಲ್ಲಿಯವೇ. ಅರ ಕೊಳ್ಳುವಾಗ ಸೇಲ್, ಬ್ರ್ಯಾಂಡ್ ಯಾವುದನ್ನೂ ಯೋಚಿಸುವ ಅಗತ್ಯವಿಲ್ಲ. ಪರಿಚಿತ ಅಂಗಡಿಯಲ್ಲಿ ಎಣ್ಣೆಕಾಗದದ ಸುತ್ತು ಬಿಚ್ಚದ ಅರವನ್ನು ಕೇಳಿ ತರಬೇಕು, ಅಷ್ಟೇ. ಬೇರೆ ಅರಗಳ ರಾಶಿಯಲ್ಲಿ ಬಿದ್ದು ಹಲ್ಲಿಗೆ ಹಲ್ಲು ಉಜ್ಜಿಕೊಂಡ ಅರ ಹೊಸದಾಗಿದ್ದರೂ ಮೊಂಡೇ.

ಪ್ಲೇಯರ್ ಕೊಳ್ಳುವಾಗ ಅಂಗಡಿಯ ಕಟ್ಟೆಯ ಮೇಲೆಯೇ ಮಾಡಬಹುದಾದ ಪರೀಕ್ಷೆಗಳು ಮೂರಿವೆ. ಬಾಯಿ ಮುಚ್ಚಿದ ಪ್ಲೇಯರನ್ನು ಬೆಳಕಿಗೆ ಹಿಡಿಯಬೇಕು. ಒಳ್ಳೆಯ ಪ್ಲೇಯರಿನಲ್ಲಿ ತುದಿ ಮೊದಲು ಕೂಡುತ್ತದೆ, ತಂತಿ ಕತ್ತರಿಸುವ ಅಲಗುಗಳ ನಡುವೆ ಬೆಳಕು ಕಾಣುವುದಿಲ್ಲ. ಬಳಿಕ ತೆಳುವಾದ ಕಾಗದದ ತುಂಡೊಂದನ್ನು ಅಲಗಿನ ನಡುವೆ ಇಟ್ಟು ಒತ್ತಿದರೆ ಅಂಚು ಹರಿಯದೆ ನೀಟಾಗಿ ಕತ್ತರಿಸಬೇಕು. ಹಿಡಿಗಳನ್ನು ಅಕ್ಕಪಕ್ಕಕ್ಕೆ ಅಲ್ಲಾಡಿಸಿದಾಗ ಕೀಲಿನಲ್ಲಿ ಸಡಿಲ ಇರಬಾರದು, ಆದರೆ ಒಂದೇ ಕೈಯಲ್ಲಿ ತೆರೆದು ಮುಚ್ಚಲು ಬಿಗಿಯೂ ಆಗಿರಬಾರದು. ನಮ್ಮ ತಪಾರಿಯಾ 8 ಇಂಚಿನ ಪ್ಲೇಯರ್ ಈ ಮೂರರಲ್ಲೂ ಗೆದ್ದಿತು. ಬೇಲಿಯ ಮುಳ್ಳುತಂತಿಯನ್ನು ಕತ್ತರಿಸಿಯೂ ಅದರ ಅಲಗಿನಲ್ಲಿ ಇದುವರೆಗೆ ಹಲ್ಲು ಬಿದ್ದಿಲ್ಲ. ಅದರ ಹಿಡಿಯ ಪ್ಲಾಸ್ಟಿಕ್ ಹೊದಿಕೆ ಮಾತ್ರ ಬೆವರಿನ ಕೈಯಲ್ಲಿ ಜಾರುತ್ತದೆ. ಇದು ಹಳೆಯ ದೂರು, ಕಂಪನಿ ಕಿವಿಗೆ ಹಾಕಿಕೊಂಡಂತೆ ತೋರುವುದಿಲ್ಲ. ಭಾರತೀಯ ಮಾನಕ ಸಂಸ್ಥೆ ಕಟಿಂಗ್ ಪ್ಲೇಯರಿಗೆ ಐಎಸ್ 3650, ಪೈಪ್ ರೆಂಚಿಗೆ ಐಎಸ್ 4003 ಎಂಬ ಮಾನಕಗಳನ್ನು ಗೊತ್ತುಪಡಿಸಿದೆ. ಅವನ್ನು ಪಾಲಿಸುವ ಕಂಪನಿಗಳು ತಮ್ಮ ಪಟ್ಟಿಯಲ್ಲೋ ಡಬ್ಬಿಯ ಮೇಲೋ ಈ ಸಂಖ್ಯೆಯನ್ನು ನಮೂದಿಸುತ್ತವೆ, ಹೆಸರಿಲ್ಲದ ಮಾಲಿನ ಮೇಲೆ ಅದು ಕಾಣಸಿಗುವುದು ಅಪರೂಪ.

ಇಲ್ಲಿ ಒಂದು ದೂರನ್ನೂ ದಾಖಲಿಸಬೇಕು. ಜಿಲ್ಲೆಯ ಇನ್ನೊಂದು ಪೇಟೆಯ ಅಂಗಡಿಯೊಂದರಲ್ಲಿ ಹಬ್ಬದ ಕಡಿತದ ಸಮಯದಲ್ಲಿ ಹೆಸರಾಂತ ಕಂಪನಿಯದೇ ಬಣ್ಣ, ಅದೇ ಅಕ್ಷರವಿನ್ಯಾಸ, ಹೆಸರಿನಲ್ಲಿ ಮಾತ್ರ ಒಂದಕ್ಷರ ಬೇರೆಯಾಗಿದ್ದ ಪೈಪ್ ರೆಂಚನ್ನು ನಮ್ಮ ತೋಟದ ಲೆಕ್ಕ ಬರೆಯುವ ರೈಟರಿಗೆ ಕೊಟ್ಟು ಕಳಿಸಿದ್ದರು. ಬೆಲೆ ಮೂಲ ಕಂಪನಿಯದಕ್ಕಿಂತ ಹೆಚ್ಚೇನೂ ಕಡಿಮೆ ಇರಲಿಲ್ಲ. ಸ್ಪ್ರಿಂಕ್ಲರ್ ಮುಖ್ಯ ಕೊಳವೆಯ ಕಬ್ಬಿಣದ ಬೆಂಡನ್ನು ತಿರುಗಿಸುವಾಗ ಅದರ ಮೇಲ್ದವಡೆಯ ಹಲ್ಲುಗಳು ಕೊಳವೆಯನ್ನು ಕಚ್ಚುವ ಬದಲು ತಾವೇ ಚಪ್ಪಟೆಯಾದವು. ಮರಳಿಸಲು ಹೋದಾಗ ಬಿಲ್ಲು ಎಲ್ಲಿ ಎಂದರು. ಕೊಳ್ಳುವಾಗ ಬಿಲ್ಲು ಕೇಳಿದ್ದಕ್ಕೆ "ಬಿಲ್ಲು ಬೇಕಾದರೆ ಟ್ಯಾಕ್ಸ್ ಸೇರುತ್ತೆ" ಎಂದಿದ್ದವರು ಅವರೇ. ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ, ಬಿಲ್ಲು ಕೇಳಿದವರಿಗೆ ಅದರ ಮೇಲೆ ಇನ್ನೊಂದು ತೆರಿಗೆ ಇಲ್ಲ ಎಂಬುದನ್ನು ಓದುಗರು ನೆನಪಿಡುವುದು ಒಳಿತು. ಆನ್‌ಲೈನ್ ಖರೀದಿಯ ಅತಿ ದೊಡ್ಡ ಅನುಕೂಲವೆಂದರೆ ಅದರೊಡನೆ ಬಿಲ್ಲು ತಾನಾಗಿ ಬರುವುದು. ಅಂಗಡಿಗಳು ಈ ಒಂದು ವಿಷಯವನ್ನಾದರೂ ಅಲ್ಲಿಂದ ಕಲಿಯಬಹುದು. ಅನನುಕೂಲವೂ ಇದೆ. ಜುಲೈ ತಿಂಗಳ ಮಳೆಯಲ್ಲಿ ಬಿರುನಾಣಿಯಂಥ ಊರಿಗೆ ಪಾರ್ಸೆಲ್ ಮುಟ್ಟುವಷ್ಟರಲ್ಲಿ ಕೆಲಸದ ತುರ್ತೇ ಕಳೆದಿರುತ್ತದೆ. ಮರಳಿಸುವ ಅವಧಿಯ ಲೆಕ್ಕವೂ ಹೀಗೆಯೇ: ಸಲಕರಣೆಯ ನಿಜಗುಣ ತಿಳಿಯುವುದು ಕಪಾತಿನಲ್ಲಿ, ಅದನ್ನು ಮರಳಿಸಬೇಕಾದದ್ದು ಅಕ್ಟೋಬರಿನಲ್ಲಿ.

ತೆರಿಗೆಯ ಮಾತು ಬಂದದ್ದರಿಂದ ಬೆಳೆಗಾರರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಬೇಕು. ಕೃಷಿಯ ಕೈಸಲಕರಣೆಗಳಾದ ಗುದ್ದಲಿ, ಸಲಿಕೆ, ಪಿಕಾಸಿ, ಕೊಡಲಿ, ಕತ್ತಿ, ಕುಡುಗೋಲು, ಬೇಲಿಗಿಡ ಕತ್ತರಿಸುವ ದೊಡ್ಡ ಕತ್ತರಿ ಮತ್ತು ಸಿಕೇಟರ್ ಇವೆಲ್ಲಕ್ಕೂ ಜಿಎಸ್‌ಟಿ ಶೂನ್ಯ. ಪ್ಲೇಯರ್, ಸ್ಪ್ಯಾನರ್, ಅರಗಳಿಗೆ ಶೇಕಡಾ 18. ಆದ್ದರಿಂದ ಬಿಲ್ಲಿನಲ್ಲಿ ಸಿಕೇಟರಿಗೆ ತೆರಿಗೆ ಸೇರಿದ್ದರೆ ಅದು ತಪ್ಪು, ಕೇಳಿ ತೆಗೆಸಬೇಕು. ಇದರ ಇನ್ನೊಂದು ಮುಖ ದೇಶೀ ತಯಾರಕರಿಗೆ ಅಷ್ಟು ಹಿತವಾದದ್ದಲ್ಲ. ಮಾರುವ ವಸ್ತುವಿಗೆ ತೆರಿಗೆ ಇಲ್ಲದಾಗ, ಅದನ್ನು ಮಾಡಲು ಕೊಂಡ ಉಕ್ಕು, ಪ್ಲಾಸ್ಟಿಕ್ಕುಗಳ ಮೇಲೆ ಕಟ್ಟಿದ ತೆರಿಗೆಯನ್ನು ತಯಾರಕ ಹಿಂದಕ್ಕೆ ಪಡೆಯುವಂತಿಲ್ಲ. ಅದು ಬೆಲೆಯೊಳಗೆ ಅಡಗಿ ಕೂರುತ್ತದೆ. ಹೊರಗಿನಿಂದ ಬರುವ ಸಿಕೇಟರಿಗೆ ಕಸ್ಟಮ್ಸ್ ಸುಂಕ ಉಂಟು, ಈ ಅಡಗಿದ ತೆರಿಗೆ ಇಲ್ಲ. ಲುಧಿಯಾನದ ಕತ್ತರಿ ಚೀನಾದ ಕತ್ತರಿಗಿಂತ ಏಕೆ ದುಬಾರಿ ಎಂದು ಕೇಳುವಾಗ ಕೂಲಿ, ಉಕ್ಕಿನ ಬೆಲೆಗಳ ಜೊತೆಗೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಫಿ ತೋಟದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ ಸಲಕರಣೆ ಸಿಕೇಟರೇ. ರೊಬಸ್ಟಾ ಗಿಡದ ಒಣರೆಕ್ಕೆ, ಅಡ್ಡರೆಕ್ಕೆ (ಒಣಗಿದ, ಅಡ್ಡ ಬೆಳೆದ ರೆಂಬೆ) ತೆಗೆಯುವ ಕೆಲಸದಲ್ಲಿ ಒಬ್ಬ ಆಳು ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನು ಒತ್ತುತ್ತಲೇ ಇರುತ್ತಾನೆ. ಆದ್ದರಿಂದ ಅದರಲ್ಲಿ ನೋಡಬೇಕಾದವು ಮೂರು: ಅಲಗಿನ ಉಕ್ಕು, ಹಿಡಿಯ ಅಳತೆ, ಬಿಡಿಭಾಗ. ನಾವು ಮೂರು ಬಗೆಯವನ್ನು ಒಂದೇ ಬ್ಲಾಕಿನಲ್ಲಿ ಬಳಸಿದೆವು. ಒಂದು ಲುಧಿಯಾನದ ಫಾಲ್ಕನ್, ಒಂದು ಸ್ವಿಟ್ಜರ್ಲೆಂಡಿನ ಫೆಲ್ಕೋ, ಇನ್ನೊಂದು ಸೇಲ್‌ನಲ್ಲಿ ಬಂದ ಹೆಸರಿಲ್ಲದ ಕೆಂಪು ಹಿಡಿಯದು. ಮೂರನೆಯದರ ಅಲಗಿನ ಮೇಲೆ ಎಸ್‌ಕೆ5 ಎಂದು ಕೊರೆದಿತ್ತು. ಎಸ್‌ಕೆ5 ಎಂಬುದು ಹೆಚ್ಚು ಇಂಗಾಲವಿರುವ ಉಕ್ಕಿಗೆ ಜಪಾನಿನವರು ಕೊಟ್ಟ ಗುರುತು, ಒಳ್ಳೆಯ ಉಕ್ಕೇ. ಆದರೆ ಹೊಸ ಅರದ ಮೂಲೆಯನ್ನು ಅಲಗಿನ ಬೆನ್ನಿನ ಬಳಿ ಮೆಲ್ಲಗೆ ಎಳೆದಾಗ ಅದು ಜಾರದೆ ಪುಡಿ ಎತ್ತಿತು. ಹದ ಹಿಡಿದ ಅಲಗಿನ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಮೊದಲ ವಾರ ಚೆನ್ನಾಗಿ ಕತ್ತರಿಸಿದ ಅದು ನಂತರ ತೊಗಟೆಯನ್ನು ಜಗಿಯತೊಡಗಿತು. ಜಗಿದ ಗಾಯ ಬೇಗ ಮಾಯುವುದಿಲ್ಲ, ಮಳೆ ಬಂದಾಗ ಅಲ್ಲಿಂದಲೇ ಕೊಳೆ ಇಳಿಯುತ್ತದೆ. ಗಿಡದ ಲೆಕ್ಕದಲ್ಲಿ ನೋಡಿದರೆ ಅದರಷ್ಟು ದುಬಾರಿಯ ಕತ್ತರಿ ಬೇರೊಂದಿಲ್ಲ.

ಫೆಲ್ಕೋ 1945ರಲ್ಲಿ ಆರಂಭವಾದ ಕಂಪನಿ. ಅದರ ಕತ್ತರಿಯ ಪ್ರತಿಯೊಂದು ಭಾಗವನ್ನೂ ಬೇರೆಯಾಗಿ ಕೊಂಡು ಬದಲಿಸಬಹುದೆಂಬುದೇ ಅದರ ಖ್ಯಾತಿಗೆ ಕಾರಣ. ಕತ್ತರಿಸುವ ಗುಣದಲ್ಲಿ ಅದಕ್ಕೆ ಸಾಟಿ ಇಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು; ಕೈಬೆರಳಿನ ದಪ್ಪದ ಹಸಿ ರೆಕ್ಕೆಯನ್ನು ಹೆಂಗಸರೂ ಒಂದೇ ಒತ್ತಿನಲ್ಲಿ ತೆಗೆದರು. ಆದರೆ ಬೆಲೆ ಸಾವಿರಗಳ ಲೆಕ್ಕದ್ದು, ಒಂದಕ್ಕೆ ಕೊಡುವ ಹಣದಲ್ಲಿ ಹಲವು ಫಾಲ್ಕನ್ ಬರುತ್ತವೆ. ಗಿಡದ ಬುಡದಲ್ಲಿ ಮರೆತು ಬಂದರೆ ಅದನ್ನು ಹುಡುಕಲು ಇಡೀ ಗ್ಯಾಂಗನ್ನು ವಾಪಸ್ಸು ಕಳಿಸಬೇಕಾದ ಸಲಕರಣೆ ತೋಟದ ಕೆಲಸಕ್ಕೆ ತಕ್ಕದ್ದಲ್ಲ ಎಂದು ನಮ್ಮ ರೈಟರ್ ಹೇಳಿದ ಮಾತಿನಲ್ಲಿ ತಿರುಳಿದೆ. ಅದರ ಸ್ಪ್ರಿಂಗು, ಅಲಗುಗಳು ಕೊಡಗಿನ ಪೇಟೆಗಳಲ್ಲಿ ನಮಗೆ ಸಿಗಲಿಲ್ಲ, ತರಿಸಿಕೊಳ್ಳಬೇಕಾಯಿತು. ಮನೆಯ ಯಜಮಾನರೇ ಕೈಯಲ್ಲಿ ಹಿಡಿದು ಅರೇಬಿಕಾ ಗಿಡಗಳನ್ನು ತಿದ್ದುವ ಸಣ್ಣ ತೋಟವಾದರೆ ಮಾತು ಬೇರೆ. ಅಂಥವರು ಅದನ್ನು ಕೊಂಡರೆ ಮೊಮ್ಮಕ್ಕಳಿಗೂ ಆದೀತು.

ಫಾಲ್ಕನ್ನಿನ ದುಬಾರಿ ಮಾದರಿಗಳಲ್ಲೊಂದು ನಮಗೆ ಒಗ್ಗಿತು. ಡಬ್ಬಿಯಿಂದ ತೆಗೆದಾಗ ಅದರ ಅಲಗು ಸಾಕಷ್ಟು ಹರಿತವಾಗಿರಲಿಲ್ಲ. ಇದು ದೇಶೀ ತಯಾರಿಕೆಯ ಸಾಮಾನ್ಯ ದೋಷ: ಉಕ್ಕು ಒಳ್ಳೆಯದು, ಕೊನೆಯ ಹತ್ತು ನಿಮಿಷದ ಕೆಲಸ ಮಾತ್ರ ಕೊಳ್ಳುವವನಿಗೇ ಬಿಟ್ಟದ್ದು. ನಡುವಿನ ನಟ್ಟನ್ನು ಬಿಚ್ಚಿ, ಅಲಗಿನ ಇಳಿಜಾರು ಇರುವ ಒಂದು ಬದಿಯನ್ನು ಮಾತ್ರ ನಯವಾದ ಸಾಣೆಕಲ್ಲಿನಲ್ಲಿ ತಿದ್ದಿ, ಚಪ್ಪಟೆ ಬದಿಯ ಅಂಚಿಗೆ ಎದ್ದ ಲೋಹದ ಮುಳ್ಳನ್ನು ಒಮ್ಮೆ ಸವರಿ ತೆಗೆದು, ಅಲಗುಗಳು ಒಂದಕ್ಕೊಂದು ತಾಗಿ ಜಾರುವಷ್ಟು ನಟ್ಟನ್ನು ಬಿಗಿದ ಮೇಲೆ ಅದು ಫೆಲ್ಕೋದ ಹತ್ತಿರಕ್ಕೆ ಬಂದಿತು. ಎರಡೂ ಬದಿಯನ್ನು ಉಜ್ಜಿ ಹಾಳು ಮಾಡಿದ ಕತ್ತರಿಗಳು ಪ್ರತಿ ತೋಟದ ಸ್ಟೋರಿನಲ್ಲೂ ಇವೆ, ಹಾಗೆ ಮಾಡಬಾರದೆಂದು ಆಳುಗಳಿಗೆ ತೋರಿಸಿ ಕೊಡಬೇಕು. ಸ್ಪ್ರಿಂಗು ಹಾರಿಹೋಗುವುದು ಇದರ ದೊಡ್ಡ ಕಾಟ. ಗೋಣಿಕೊಪ್ಪದ ಅಂಗಡಿಯವರು ಬಿಡಿ ಸ್ಪ್ರಿಂಗುಗಳನ್ನು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿಟ್ಟಿದ್ದಾರೆ, ಕೇಳಿದಾಗ ಬೆರಳಿನಿಂದ ತಡಕಿ ಸರಿಯಾದುದನ್ನು ತೆಗೆದುಕೊಡುತ್ತಾರೆ. ಯಾವ ಸೇಲ್‌ನಲ್ಲೂ ಇಂಥ ಬಾಟಲಿ ಸಿಗುವುದಿಲ್ಲ, ನಾವು ಅಂಗಡಿಗೇ ಹೋಗುವುದಕ್ಕೆ ಇದೇ ಮುಖ್ಯ ಕಾರಣ.

ಗರಗಸದಲ್ಲಿ ಮಾತ್ರ ದೇಶೀ ಮಾಲನ್ನು ಹೊಗಳಲು ಮನಸ್ಸು ಒಪ್ಪುವುದಿಲ್ಲ. ಸಿಕೇಟರಿಗೆ ಮೀರಿದ ರೆಕ್ಕೆಗೂ ನೆರಳಿನ ಮರವಾದ ಹಾಲುವಾಣದ ಕೊಂಬೆಗೂ ಬಳಸುವ ಬಾಗಿದ ಗರಗಸ ಜಪಾನಿನವರ ಮಾದರಿಯಲ್ಲಿ, ಎಳೆದಾಗ ಕೊಯ್ಯುವಂತೆ, ಮೂರು ಮುಖದ ಹಲ್ಲಿನದಾಗಿದ್ದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಅಂಥದ್ದನ್ನು ಇಲ್ಲಿ ಮಾಡಿದವು ನಮ್ಮ ಕೈಗೆ ಬಂದಷ್ಟರಲ್ಲಿ ಹಲ್ಲಿನ ಸಾಲು ನೇರವಿರಲಿಲ್ಲ, ಹಸಿ ಮರದಲ್ಲಿ ಸಿಕ್ಕಿ ಅಲಗು ಬಾಗಿತು. ಹೊರಗಿನ ಗರಗಸಕ್ಕೂ ಒಂದು ಮಿತಿ ಇದೆ: ಅದರ ಹಲ್ಲುಗಳ ತುದಿಯನ್ನು ಕ್ಷಣಮಾತ್ರದ ಬಿಸಿಯಿಂದ ವಿಶೇಷವಾಗಿ ಗಟ್ಟಿಗೊಳಿಸಿರುವುದರಿಂದ ಅರ ಹಾಕಿ ಮಸೆಯಲಾಗುವುದಿಲ್ಲ, ಮೊಂಡಾದರೆ ಅಲಗನ್ನೇ ಬದಲಿಸಬೇಕು. ನಮ್ಮ ಹಳೆಯ ಗರಗಸಗಳು ನಿಧಾನವಾದರೂ ಮುಮ್ಮೂಲೆ ಅರದಿಂದ ವರ್ಷವರ್ಷವೂ ಮಸೆಸಿಕೊಂಡು ಬಾಳುತ್ತವೆ. ಸೇಲ್‌ನಲ್ಲಿ ಹೊರಗಿನ ಗರಗಸ ಕೊಳ್ಳುವವರು ಜೊತೆಗೆ ಒಂದು ಬದಲಿ ಅಲಗನ್ನೂ ತರಿಸಿಟ್ಟುಕೊಳ್ಳಲಿ. ಮುಂದಿನ ವರ್ಷ ಆ ಮಾದರಿಯೇ ಇರುವುದಿಲ್ಲ.

ದೇಶೀ ಯಾವುದು, ಹೊರಗಿನದು ಯಾವುದು ಎಂಬುದನ್ನು ಬ್ರ್ಯಾಂಡಿನ ಹೆಸರಿನಿಂದ ಹೇಳುವಂತಿಲ್ಲ. ಅಮೆರಿಕದ ಹೆಸರಿನ ಸುತ್ತಿಗೆ ತೈವಾನ್ ಅಥವಾ ಚೀನಾದಲ್ಲಿ ತಯಾರಾಗಿರಬಹುದು, ದೇಶೀ ಹೆಸರಿನ ಪೆಟ್ಟಿಗೆಯಲ್ಲಿ ಆಮದಾದ ಮಾಲೂ ಇರಬಹುದು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು–ವಿಳಾಸ, ಬೆಲೆ, ಆಮದಾದ ಸರಕಾದರೆ ಮೂಲ ದೇಶ ಇರಲೇಬೇಕು. 2020ರ ಇ–ಕಾಮರ್ಸ್ ನಿಯಮಗಳು ಆನ್‌ಲೈನ್ ಮಾರಾಟಗಾರರೂ ಮೂಲ ದೇಶವನ್ನು ತೋರಿಸಬೇಕೆಂದು ವಿಧಿಸಿವೆ. ಆನ್‌ಲೈನ್ ಪುಟದಲ್ಲಿ ಆ ಸಾಲು ಬಹಳ ಕೆಳಗೆ ಇರುತ್ತದೆ, ಆದರೆ ಇರುತ್ತದೆ. ಮೂಲ ದೇಶ ಚೀನಾ ಎಂದಿದ್ದ ಮಾತ್ರಕ್ಕೆ ಮಾಲು ಕೆಟ್ಟದ್ದೆಂದೂ ಭಾರತ ಎಂದಿದ್ದ ಮಾತ್ರಕ್ಕೆ ಒಳ್ಳೆಯದೆಂದೂ ತೀರ್ಮಾನಿಸುವುದು ಸರಿಯಲ್ಲ. ವಿಳಾಸವಿರುವ ತಯಾರಕನಿಗೆ ದೂರು ಮುಟ್ಟಿಸಬಹುದು, ಮುಂದಿನ ವರ್ಷವೂ ಅದೇ ಮಾದರಿ ಸಿಗುತ್ತದೆ ಎಂಬ ಭರವಸೆ ಇರುತ್ತದೆ. ದೇಶೀ ತಯಾರಿಕೆಯ ಪರವಾಗಿ ನಾವು ವಾದಿಸುವುದಾದರೆ ಭಾವನೆಗಾಗಿ ಅಲ್ಲ, ಇದಕ್ಕಾಗಿ.

ಕತ್ತಿ ಈ ಎಲ್ಲ ಲೆಕ್ಕಾಚಾರಗಳ ಹೊರಗಿನದು. ತೋಟದಲ್ಲಿ ಬಳ್ಳಿ ಸವರಲು, ಮೆಣಸಿನ ಬಳ್ಳಿ ಹಬ್ಬಿಸಿದ ಮರದ ಚಿಗುರು ತೆಗೆಯಲು, ಸೌದೆ ಸೀಳಲು ಬೇಕಾದ ಕತ್ತಿಯನ್ನು ಯಾವ ಕಾರ್ಖಾನೆಯೂ ನಮ್ಮ ಕೈಗೆ ತಕ್ಕಂತೆ ಮಾಡುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಮಾಡುವ ಕುಲುಮೆಯ ಕತ್ತಿಯೇ ಇಂದಿಗೂ ಮೇಲು. ಸ್ಪ್ರಿಂಗಿಗಾಗಿ ಮಾಡಿದ ಉಕ್ಕಾದ್ದರಿಂದ ಅದು ಗಂಟಿಗೆ ತಾಗಿದರೂ ಸಿಡಿಯುವುದಿಲ್ಲ. ಕಟ್ಟಡದ ಕಂಬಿಯಿಂದ ಮಾಡಿದ ಕತ್ತಿಗಳೂ ಸಂತೆಯಲ್ಲಿ ಬರುತ್ತವೆ, ನೋಟದಲ್ಲಿ ಭೇದ ತಿಳಿಯುವುದಿಲ್ಲ. ಕುಲುಮೆಯ ಮೇಸ್ತ್ರಿಯ ಪರಿಚಯವಿದ್ದವರು ಪಟ್ಟಿಯನ್ನು ತಾವೇ ಒಯ್ದು ಕೊಟ್ಟು ಮಾಡಿಸುವುದು ಇದಕ್ಕಾಗಿಯೇ. ಹದ ಹಾಕುವಾಗ ನಮ್ಮ ಮೇಸ್ತ್ರಿ ಬಾಯಿಯ ಕಡೆಯನ್ನು ಮಾತ್ರ ನೀರಿಗೆ ಮುಳುಗಿಸಿ ಬೆನ್ನನ್ನು ಹೊರಗಿಡುತ್ತಾರೆ. ಅಂಚು ಗಟ್ಟಿಯಾಗಿ ಬೆನ್ನು ಮೆದುವಾಗಿ ಉಳಿಯುತ್ತದೆ. ಕುಲುಮೆಯ ಕತ್ತಿಗೆ ಬೆಲೆ ಕಡಿತ ಕೇಳುವುದು ಕೊಡಗಿನಲ್ಲಿ ಸಲ್ಲದ ನಡೆ, ಕೇಳಿದರೂ ಅವರು ಕೊಡುವುದಿಲ್ಲ. ದೂರು ಹೇಳಬೇಕಾದದ್ದು ಸಮಯದ ವಿಷಯದಲ್ಲಿ: ಮುಂದಿನ ವಾರ ಎಂದದ್ದು ತಿಂಗಳಿಗೆ ಬಂದರೆ ಅದೃಷ್ಟ. ಕುಲುಮೆಗಳು ಒಂದೊಂದಾಗಿ ಮುಚ್ಚುತ್ತಿರುವುದರಿಂದ ಉಳಿದವರ ಮೇಲೆ ಹೊರೆ ಹೆಚ್ಚಿದೆ.

ಮಳೆಗಾಲದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ತೇವದಲ್ಲಿ ತುಕ್ಕು ಹಿಡಿಯದ ಸಲಕರಣೆ ಯಾವುದೂ ಇಲ್ಲ, ತಡವಾಗಿ ಹಿಡಿಯುವವು ಇವೆ. ಹೊಳೆಯುವ ಲೇಪ ತೆಳುವಾಗಿದ್ದರೆ ಒಂದು ಗೀರಿನಿಂದ ಒಳಗೆ ತುಕ್ಕು ಹರಡಿ ಲೇಪ ಸಿಪ್ಪೆಯಂತೆ ಏಳುತ್ತದೆ, ಸೇಲ್‌ನ ಪೆಟ್ಟಿಗೆಯ ಸಾಕೆಟ್ಟುಗಳಿಗೆ ಆಗಸ್ಟಿನಲ್ಲಿ ಆದದ್ದು ಹೀಗೆಯೇ. ಕಪ್ಪು ಮೈಯ ಪ್ಲೇಯರ್, ರೆಂಚುಗಳಿಗೆ ತುಕ್ಕು ಮೇಲ್ಮೈಯಲ್ಲಿ ಬಂದರೂ ಎಣ್ಣೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಡುವುದಕ್ಕಿಂತ ಒಲೆಯ ಮೇಲಿನ ಅಟ್ಟದಲ್ಲಿ ತೆರೆದಿಡುವುದು ಮೇಲು.

ಗುದ್ದಲಿ, ಪಿಕಾಸಿಗಳ ವಿಷಯದಲ್ಲಿ ಹೆಚ್ಚು ಬರೆಯಬೇಕಾದದ್ದಿಲ್ಲ. ಟಾಟಾ ಅಗ್ರಿಕೊ 1920ರ ದಶಕದಿಂದ ಬರುತ್ತಿರುವ ಹೆಸರು, ಅದರ ಗುದ್ದಲಿ ಗಡುಸು ಕಲ್ಲುಮಣ್ಣಿನಲ್ಲೂ ಮೂಲೆ ಮಡಚದೆ ಸವೆಯುತ್ತದೆ. ಬೆಲೆ ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ, ತೂಕದ ಸಾಮಾನಾದ್ದರಿಂದ ಆನ್‌ಲೈನ್‌ನಲ್ಲಿ ಸಾಗಣೆ ಸೇರಿ ದುಬಾರಿಯೇ ಆಗುತ್ತದೆ. ಕಾವು (ಮರದ ಹಿಡಿ) ಸೇರಿಸಿ ಮಾರುವ ಗುದ್ದಲಿಯನ್ನು ಮಾತ್ರ ಬಿಡಬೇಕು. ಆ ಕಾವುಗಳು ಒಣಗದ ಮೆದುಮರದವು, ಬೇಸಿಗೆಯಲ್ಲಿ ಕುಗ್ಗಿ ತಲೆ ಕಳಚುತ್ತದೆ. ತಲೆಯನ್ನಷ್ಟೇ ಕೊಂಡು ತೋಟದ ಒಣಗಿದ ಗಟ್ಟಿಮರದಿಂದ ಕಾವು ಮಾಡಿಸಿ, ಬಳಸುವ ಆಳಿನ ಎತ್ತರಕ್ಕೆ ಕೊಯ್ದು ಕೂರಿಸಿದರೆ ಹಂಗಾಮಿನ ನಡುವೆ ಆಣಿ ಬಡಿಯುತ್ತ ಕೂರುವ ಕೆಲಸ ತಪ್ಪುತ್ತದೆ.